ನಕಲು ಬೇಡ

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಪ್ರೋಗ್ರಾಮ್ ಬರೆಯುವ ತಂಡದ ಮುಖ್ಯಸ್ಥ ಪಟ್ಟಾಭಿಗೆ ನಕಲೆಂದರೆ ಮೈಯೆಲ್ಲ ಉರಿ.

"ಮೆಸೇಜನ್ನ ಕಾಪಿ ಮಾಡಿ ಆಮೇಲೆ ಕಳಿಸೋದಾ? ಇದೇನು ಜೆರಾಕ್ಸ್ ಅಂಗಡೀನೇನ್ರೀ? ಮೆಮರೀಲಿ ಬರೆದ ಜಾಗದಿಂದ್ಲೇ ನೆಟ್‌ವರ್ಕ್ ಕಾರ್ಡ್ ಎತ್ಕೊಂಡು ಹೋಗ್ಲಿ."

"ಕಾರ್ಡ್ ಎತ್ಕೊಳ್ಳೋದ್ರೊಳಗೆ ಅದೇ ಜಾಗದಲ್ಲಿ ಬೇರೆ ಏನಾದ್ರೂ ಬರೆದುಬಿಟ್ರೆ, ಸರ್?" ಎಂದಳು ತಂಡದ ಶಾಂಭವಿ.

"ಅಷ್ಟೊತ್ತು ಕಾರ್ಡೇನು ನಿದ್ದೆ ಹೊಡೀತಿರುತ್ತಾ? ಸುಮ್ನೆ ಹೇಳಿದ್ದು ಮಾಡ್ರೀ."

ಹೊಸ ಸಿಸ್ಟಮ್ಮಿನ ಪ್ರದರ್ಶನದ ದಿನ ಪಟ್ಟಾಭಿ ಕಂಪನಿಯ ನಿರ್ದೇಶಕರ ಪರದೆಗೆ "ತಮಗೆ ಹಾರ್ದಿಕ ಸ್ವಾಗತ" ಎಂದು ಕಳಿಸಿದ. ಕಾರ್ಡಿಗೆ ಆಗಲೇ ಕೈತುಂಬ ಕೆಲಸವಿತ್ತು; ಸ್ವಾಗತ ಇನ್ನೂ ಮೆಮರಿಯಲ್ಲೇ ಕಾಯುತ್ತಿತ್ತು. ಕಾಯಲು ಬೇಸರವಾಗಿ, ಪಕ್ಕದ ಕೋಣೆಯ ಗೆಳೆಯನಿಗೂ ಒಂದು ಸಾಲು ಟೈಪ್ ಮಾಡಿದ.

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು ತಮ್ಮ ಪರದೆಯಲ್ಲಿ ಮೂಡಿದ್ದನ್ನು ಗಟ್ಟಿಯಾಗಿ ಓದಿದರು: "ಈ ಮುದಿಗೂಬೆ ಏನು ತೋರ್ಸಿದ್ರೂ ತಲೆ ಆಡ್ಸುತ್ತೆ ಕಣೋ."