ನಾಲ್ಕು ಆಟೀನ್

ಇವತ್ತಿಗೂ ಪೌಡರ್ ಡಬ್ಬಿ ತೆರೆದರೆ ನನಗೆ ಅಫಜಲಪುರದ ಮನೆಯ ಇಸ್ಪೀಟೆಲೆಗಳ ವಾಸನೆ ಬರುತ್ತದೆ.

ಬೇಸಿಗೆಯ ಬೆವರಿಗೆ ಎಲೆಗಳು ಅಂಟಿಕೊಳ್ಳದಿರಲೆಂದು ಅಜ್ಜ ಅವಕ್ಕೆ ಪೌಡರ್ ಸವರುತ್ತಿದ್ದರು. ಒಂದು ಮಧ್ಯಾಹ್ನ ಬ್ರಿಜ್ ಆಟಕ್ಕೆ ನಾಲ್ಕನೆಯವರು ಸೊನ್ನ ಊರಿನಿಂದ ಬರಲೇ ಇಲ್ಲ. ಅಪ್ಪ ಅವ್ವನನ್ನು ಕರೆದು ತನ್ನ ಜೋಡಿಯಾಗಿ ಕೂರಿಸಿಕೊಂಡ. ಅಜ್ಜನ ಜೋಡಿ ಅವರ ಗೆಳೆಯ ಖಾನ್ ಚಾಚಾ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿಯೇ ಅವ್ವ ಆಟ ಕಲಿತಿದ್ದಳು. ಆದರೆ ಮಾವನ ಮುಂದೆ ಸೊಸೆ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ.

ಬ್ರಿಜ್‌ನಲ್ಲಿ ಮೊದಲು ಹರಾಜಿನಂತೆ ಕೂಗಬೇಕು; ಹೆಚ್ಚು ಕೂಗಿದವರದೇ ಆಟ. ಅಜ್ಜ "ಒಂದು ಇಸ್ಪೀಟ್" ಎಂದರು. ಅಪ್ಪ "ಡಬಲ್" ಎಂದ. ಚಾಚಾ ಪಾಸ್ ಹೇಳಿದರು. ಅವ್ವ ಸೆರಗು ಎಳೆದುಕೊಂಡು, ತನ್ನದೂ ಪಾಸ್ ಎಂಬಂತೆ ತಲೆಯಾಡಿಸಿದಳು. ಅಜ್ಜ ಸಲೀಸಾಗಿ ಗೆದ್ದರು.

"ಆ ಡಬಲ್ ಅಂದ್ರ ಜಗಳ ಅಲ್ಲ ಬೇಟಿ," ಎಂದರು ಚಾಚಾ. "ನಿನ್ನ ಕೈಯಾಗ ಯಾವ ಜಾತಿ ಎಲಿ ಜಾಸ್ತಿ ಅದಾವ ಹೇಳು ಅಂತ ಗಂಡ ಕೇಳಾಕತ್ತಾನ. ನೀ ಸುಮ್ನಿದ್ರ ಹೆಂಗ?"

ಸ್ವಲ್ಪ ಹೊತ್ತಿಗೆ ಮತ್ತೆ ಅಜ್ಜನ ಇಸ್ಪೀಟ್, ಅಪ್ಪನ ಡಬಲ್. ಈ ಸಲ ಚಾಚಾ "ಎರಡು ಇಸ್ಪೀಟ್" ಎಂದು ಏರಿಸಿದರು. ಜೋಳದ ಹಿಟ್ಟು ಅಂಟಿದ್ದ ಬೆರಳುಗಳಲ್ಲಿ ಕೆಂಪು ಹೃದಯದ ಎಲೆಗಳನ್ನೇ ಹೆಚ್ಚಾಗಿ ಹಿಡಿದು ಅವ್ವ ಪಿಸುಗುಟ್ಟಿದಳು: "ಮೂರು ಆಟೀನ್."

"ಮೂರು ಇಸ್ಪೀಟ್," ಅಜ್ಜ ಗದರಿದಂತೆ ಹೇಳಿದರು. ಅಪ್ಪ ಪಾಸ್, ಚಾಚಾ ಪಾಸ್.

ಅವ್ವನ ಸೆರಗು ಜಾರಿತು. ಅವಳು ಸರಿಪಡಿಸಿಕೊಳ್ಳಲಿಲ್ಲ. "ನಾಲ್ಕು ಆಟೀನ್ ರೀ, ಮಾವಾರ."

ಅಜ್ಜ ಎಲೆಗಳನ್ನು ನಿಧಾನವಾಗಿ ಮಡಚಿದರು.

"ಖಾನ್‌ಸಾಬ್, ನಮ್ಮ ಸೊಸಿ ದನಿ ಹಿಂಗೈತಿ ಅಂತ ನನಗ ಗೊತ್ತೇ ಇರ್ಲಿಲ್ಲ ನೋಡ್ರಿ," ಎಂದರು. ಆಮೇಲೆ ಅವಳತ್ತ ತಿರುಗಿ, "ಪಾಸ್," ಎಂದರು.