ಕೂಸಿಲ್ಲದ ಕುಲಾವಿ

ದೊಡ್ಡ ಪರದೆಯ ಮೇಲೆ ಕೆಂಪು ಅಕ್ಷರದ ದೋಷಸೂಚನೆ ಮೂಡಿದ್ದೇ ತಡ, ಮ್ಯಾನೇಜರನ ನಗು ಅರ್ಧಕ್ಕೇ ನಿಂತಿತು: ‘ಲೇಖಕ’ ಎಂಬುದು ಇಲ್ಲ. ಪ್ರೋಗ್ರಾಮಿನ ಒಂದೊಂದು ಸಾಲೂ ತಾನೇ ಬರೆದದ್ದೆಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡು ಎರಡು ನಿಮಿಷವೂ ಆಗಿರಲಿಲ್ಲ.

“ಲೇಖಕ ಅಂತ ಇಲ್ಲೇ ಇದೆಯಲ್ಲಮ್ಮ, ಪಕ್ಕದಲ್ಲಿ ‘ಅಕ್ಷರಗಳು’ ಅಂತಾನೂ ಇದೆ. ಇಲ್ಲ ಅಂದ್ರೆ ಹೇಗೆ?” ಎಂದು ಅವನು ಹಿಂದೆ ಕೂತಿದ್ದ ತನ್ನ ಕೈಕೆಳಗಿನ ಪ್ರೋಗ್ರಾಮರ್ ಹುಡುಗಿಯತ್ತ ತಿರುಗಿದ.

ಆ ಸಾಲನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು. ಬಡ್ತಿ ಕೇಳಿದಾಗ “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕಮ್ಮ?” ಎಂದು ನಕ್ಕಿದ್ದವನು, ಅವಳು ಎರಡು ವರ್ಷ ಬೆವರು ಸುರಿಸಿ ಬರೆದ ಪ್ರೋಗ್ರಾಮಿನಲ್ಲಿ ‘ಲೇಖಕ’ದ ಸಾಲಿನ ಕೊನೆಗಿದ್ದ ಅವಳ ಹೆಸರನ್ನು ಸಮಚಿಹ್ನೆ ಸಮೇತ ಅಳಿಸಿಹಾಕಿದ್ದ. ಸರಿಮಾಡಲು ಅರೆಕ್ಷಣ ಸಾಕಿತ್ತು. ಅವಳು ಬೇಕೆಂದೇ ಹಾಗೇ ಬಿಟ್ಟಿದ್ದಳು.

“ಅದು ಬರೀ ಕುಲಾವಿ ಸಾರ್. ಇಲ್ಲಿ ಅಕ್ಷರಗಳು ಬರ್ಬೇಕು ಅಂತ ಹೇಳುತ್ತೆ, ಅಷ್ಟೆ. ಕೂಸನ್ನ ಯಾರೋ ಎತ್ಕೊಂಡು ಹೋಗಿದ್ದಾರೆ. ಯಾರು ಅಂತ ತೋರಿಸ್ಲಾ?”

ಉತ್ತರಕ್ಕೆ ಕಾಯದೆ ಎದ್ದುಬಂದು ತಿದ್ದುಪಡಿಗಳ ಪಟ್ಟಿ ತೆರೆದಳು. ಅಳಿಸಿದ ಸಾಲಿನಲ್ಲಿ ಅವಳ ಹೆಸರು. ಅಳಿಸಿದವರು ಎಂಬಲ್ಲಿ ಅವನದು. ಕನ್ನಡಕ ಮರೆತುಬಂದಿದ್ದ ಗಿರಾಕಿಯೂ ಸಲೀಸಾಗಿ ಓದಿದ, ಗಟ್ಟಿಯಾಗಿ.