ಸೀಲಿನ ಒಳಗೆ ಮರಳು

"ಈ ಸೈಕಲ್ ಕಥೆ ಮುಗೀತಮ್ಮ, ಗುಜರಿಗೆ ಹಾಕೋಣ" ಎಂದ ಮಗ. ಎಡಗಡೆಯ ಪೆಡಲ್ ಕರಕರ ಎನ್ನುತ್ತ ಅರ್ಧ ಸುತ್ತಿಗೇ ಹಿಡಿದುಕೊಳ್ಳುತ್ತಿತ್ತು.

ಅಮ್ಮ ಪೆಡಲ್ ಬಿಚ್ಚಿಕೊಂಡು, ಹಳೇ ಪೇಪರ್ ಹಾಸಿ ಕೂತಳು. ಅರವತ್ತೆರಡರ ಈ ನರ್ಸಮ್ಮ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟಲು ಮನೆಮನೆಗೆ ಹೋಗುತ್ತಿದ್ದುದು ಇದೇ ಸೈಕಲ್ಲಿನಲ್ಲಿ. ಹೋದ ತಿಂಗಳು ತಿರುವಿನಲ್ಲಿ ಬಿದ್ದು ಮಣಿಕಟ್ಟು ಉಳುಕಿದ ಮೇಲೆ ಮನೆಯವರದೆಲ್ಲ ಒಂದೇ ರಾಗ: ಇನ್ನು ಸಾಕು. ಸಾಕೋ ಬೇಕೋ ಹೇಳಬೇಕಾದವಳು ತಾನು ಎಂಬುದು ಅವಳ ಹಟ.

"ನಿಂಗ್ಯಾಕೆ ಈ ರಗಳೆ? ಒಳಗೆ ಬೇರಿಂಗ್ ಹೋಗಿದೆ."

"ಬಿಚ್ಚಿ ನೋಡ್ದೇನೇ ಹೇಳ್ತೀಯಲ್ಲ, ಭಾರಿ ಮೆಕ್ಯಾನಿಕ್ಕು!"

ಅವಳು ಸ್ಕ್ರೂಡ್ರೈವರಿನಿಂದ ಪೆಡಲಿನ ಹೊರತುದಿಯ ಮುಚ್ಚಳ ಎಬ್ಬಿಸಿ ನಟ್ಟು ಬಿಚ್ಚಿದಳು. ಬೇರಿಂಗಿನ ಗುಂಡುಗಳು ಗ್ರೀಸಿನ ಸಮೇತ ಪೇಪರಿನ ಮೇಲೆ ಉದುರಿದವು. ಒಂದನ್ನು ಬೆರಳಲ್ಲಿ ಹೊಸಕಿ ನೋಡಿದಳು. ಮರಳು.

ಧೂಳು ಒಳಗೆ ಹೋಗದಂತೆ ಇನ್ನೊಂದು ತುದಿಗೆ ಹಾಕಿದ್ದ ರಬ್ಬರ್ ಸೀಲನ್ನು ಬೆಳಕಿಗೆ ಹಿಡಿದಳು. ಎಲ್ಲೂ ಬಿರುಕಿಲ್ಲ. ಎರಡು ತಿಂಗಳ ಹಿಂದೆ ಅವಳೇ ತುಂಬಿದ್ದ ಗ್ರೀಸು ಆ ಕಡೆ ಬೆಣ್ಣೆಯಂತೆ ಹಾಗೇ ಇತ್ತು. ಮರಳೆಲ್ಲ ಮುಚ್ಚಳದ ಕಡೆಗೇ. ಅದೂ ರಸ್ತೆಯ ಕರಿ ಧೂಳಲ್ಲ, ಪಕ್ಕದ ಮನೆಯವರು ಗೋಡೆ ಕಟ್ಟಲು ತರಿಸಿದ ದಪ್ಪ ಮರಳು.

"ಇದು ತಾನಾಗೇ ಒಳಗೆ ಹೋಗಿದ್ದಲ್ಲ. ಯಾರೋ ಮುಚ್ಚಳ ತೆಗೆದು ಮರಳು ಸುರಿದಿದಾರೆ."

ಮಗನ ಮುಖ ಹುಳ್ಳಗಾಯಿತು. "ನಾನೇ ಹಾಕ್ದೆ. ನೀನು ಮತ್ತೆ ಬೀಳ್ತೀಯೇನೋ ಅಂತ ದಿನಾ ಜೀವ ಬಾಯಿಗೆ ಬರುತ್ತೆ ಕಣಮ್ಮ. ಹೇಳಿದ್ರೆ ನೀನೆಲ್ಲಿ ಕೇಳ್ತೀಯ?"

"ಲಾರಿ ಮುಂದೆ ರಸ್ತೆ ದಾಟೋವಾಗ ಇದು ಹಿಡ್ಕೊಂಡಿದ್ರೆ? ಆಗ ಬೀಳ್ತಿರ್ಲಿಲ್ವೇನೋ?"

ಅದು ಅವನಿಗೆ ಹೊಳೆದೇ ಇರಲಿಲ್ಲ.

ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಪೆಡಲನ್ನೂ ಗ್ರೀಸ್ ಡಬ್ಬಿಯನ್ನೂ ಅವನ ಮುಂದೆ ತಳ್ಳಿದಳು. ಅವನು ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದ, ಒರೆಸಿದ, ಗ್ರೀಸ್ ತುಂಬಿ ಗುಂಡುಗಳನ್ನು ಒಂದೊಂದಾಗಿ ಕೂರಿಸಿದ. ನಟ್ಟು ಬಿಗಿದು, ಪೆಡಲನ್ನು ಸೈಕಲ್ಲಿಗೆ ತಿರುಗಿಸಿ ಕೂರಿಸಿದ. ಮುಚ್ಚಳವೊಂದು ಉಳಿಯಿತು. ಅದನ್ನು ಅಮ್ಮನ ಮುಂದೆ ಹಿಡಿದ.

"ಒಳಗೆ ಒಂದ್ಸಲ ನೋಡಿ, ನೀನೇ ಮುಚ್ಚಮ್ಮ."

ಅವಳು ಬ್ಯಾಗನ್ನು ಹೆಗಲಿಗೇರಿಸಿ ಹ್ಯಾಂಡಲ್ ಹಿಡಿದು ನಿಂತಿದ್ದಳು.

"ನೀನೇ ಮುಚ್ಚು. ನಾನು ನೋಡಲ್ಲ, ಹತ್ತಿ ಹೋಗ್ತೀನಿ."